ಎರಡು ಕಾರಿನಲ್ಲೂ ನಾನಿರಲಿಲ್ಲ

ಹೋದ ವರ್ಷ ಶಿವರಾತ್ರಿ ಮುಗಿದ ವಾರದಲ್ಲಿ ನಾನು ಜೀವಮಾನದಲ್ಲೇ ಮೊದಲ ಸಲ ವಿಮಾನ ಹತ್ತಿದೆ. ಮಗಳು ಮಂಜುಳಾ ಆಗ ಏಳು ತಿಂಗಳ ಬಸುರಿ. ಅವಳೂ ಅಳಿಯ ಲೋಕೇಶನೂ ಇರುವುದು ಸೇಂಟ್ ಲೂಸಿಯಾ ಎಂಬ ದ್ವೀಪದಲ್ಲಿ. ವೆಸ್ಟ್ ಇಂಡೀಸ್‌ನವರು ಕ್ರಿಕೆಟ್ ಆಡುತ್ತಾರಲ್ಲ, ಆ ಕಡೆ ಕೆರಿಬಿಯನ್ ಸಮುದ್ರದಲ್ಲಿರುವ ಪುಟ್ಟ ದೇಶ ಅದು. ಇಡೀ ದೇಶ ಸೇರಿದರೆ ಹೆಚ್ಚು ಕಡಿಮೆ ನಮ್ಮ ಹೊಳೆನರಸೀಪುರ ತಾಲ್ಲೂಕಿನಷ್ಟಾಗುತ್ತದೆ ಎಂದು ಲೋಕೇಶ ಫೋನಿನಲ್ಲಿ ಹೇಳಿದ್ದ. ಅದನ್ನು ಕೇಳಿ ನನಗೆ ಸ್ವಲ್ಪ ಧೈರ್ಯ ಬಂದಿತ್ತು.

ಮಂಜುಳಾ ಹಾಸನದಲ್ಲಿ ನರ್ಸಿಂಗ್ ಓದಿದವಳು. ಅಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ನಾಲ್ಕು ವರ್ಷವಾಗಿತ್ತು. ಲೋಕೇಶ ಅರಕಲಗೂಡು ಕಡೆಯವನು, ಅಲ್ಲೇ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸ. ಹೆರಿಗೆಗೆ ಮಗಳು ತಾಯಿಯ ಮನೆಗೆ ಬರುವುದು ನಮ್ಮಲ್ಲಿ ರೂಢಿ. ಆದರೆ ಇವಳಿಗೆ ಹಿಂದಿನ ಸಲ ಐದನೇ ತಿಂಗಳಲ್ಲೇ ಹೋಗಿಬಿಟ್ಟಿತ್ತು. ಈ ಸಲ ಬಿಪಿ ಬೇರೆ ಏರುತ್ತಿತ್ತು. ಅಷ್ಟು ದೂರ ವಿಮಾನದಲ್ಲಿ ಹೋಗುವುದು ಬೇಡವೇ ಬೇಡ, ಯಾವ ಕಾರಣಕ್ಕೂ ಗಾಬರಿಯಾಗಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರಂತೆ. ಹಾಗಾಗಿ ಈ ಸಲ ತಾಯಿಯೇ ಮಗಳ ಮನೆಗೆ ಹೊರಟಳು. ನಮ್ಮ ಯಜಮಾನರು ಬಸ್ ಡ್ರೈವರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ಎರಡು ಹಸು ಇವೆ, ಅವನ್ನು ಬಿಟ್ಟು ಬರುವ ಹಾಗಿಲ್ಲ. "ನೀನೋಗು. ದನ ನಾನ್ ನೋಡ್ಕತೀನಿ, ಮಗಳ್ನ ನೀನ್ ನೋಡ್ಕ" ಎಂದು ಬೆಂಗಳೂರಿನ ತನಕ ಬಂದು ಕಳಿಸಿಕೊಟ್ಟರು.

ನಾನು ಮನೆಯಲ್ಲೇ ರವಿಕೆ ಹೊಲಿಯುವವಳು. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ. ನನ್ನ ಪ್ರಪಂಚ ಎಂದರೆ ಹೊಲಿಗೆ ಮಿಷನ್ನು, ಹೇಮಾವತಿ ಹೊಳೆ, ವರ್ಷಕ್ಕೊಮ್ಮೆ ಧರ್ಮಸ್ಥಳ. ಧರ್ಮಸ್ಥಳಕ್ಕೆ ಎಷ್ಟೋ ಸಲ ಹೋಗಿದ್ದೇನೆ. ಅಲ್ಲಿಂದ ಇನ್ನೊಂದೆರಡು ಗಂಟೆ ಬಸ್ಸಿನಲ್ಲಿ ಕೂತರೆ ಸಮುದ್ರವಂತೆ. ಆದರೆ ಒಂದು ಸಲವೂ ಮುಂದೆ ಹೋಗಲಿಲ್ಲ. ದೇವರ ದರ್ಶನವಾಯಿತು, ಊಟವಾಯಿತು, ಬಸ್ಸು ಹತ್ತು, ಇಷ್ಟೇ. ಐವತ್ತೊಂಬತ್ತು ವರ್ಷವಾದರೂ ನಾನು ಸಮುದ್ರ ನೋಡಿರಲಿಲ್ಲ.

ಅಲ್ಲಿಗೆ ಹೋದ ಮೇಲೂ ಮೂರು ವಾರ ಮನೆ ಬಿಟ್ಟು ಹೊರಬೀಳಲಿಲ್ಲ. ಅಡುಗೆ, ಮಗಳ ಕಾಲು ಒತ್ತುವುದು, ಅವಳ ಬಟ್ಟೆ ಸಡಿಲ ಮಾಡಿ ಹೊಲಿಯುವುದು, ಹೀಗೇ ದಿನ ಹೋಯಿತು. ಕೊನೆಗೆ ಒಂದು ಭಾನುವಾರ ಮಂಜುಳಾನೇ ಹಟ ಹಿಡಿದಳು.

"ಅಮ್ಮ, ಇಲ್ಲಿಗೆ ಬಂದು ಅಡುಗೆಮನೆ ಕಿಟಕಿ ನೋಡ್ಕೊಂಡು ವಾಪಸ್ ಹೋಗ್ತೀಯಾ? ಇವತ್ತು ಸಾಯಂಕಾಲ ಸೂರ್ಯ ಮುಳುಗೋದ್ ನೋಡೋಕ್ ಹೋಗೋಣ."

"ನಿನ್ ಸ್ಥಿತೀಲಿ ಕಾರಲ್ಲಿ ಕುಲುಕಾಡ್ಕಂಡು ಓಗದು ಬ್ಯಾಡ ಕಣವ್ವ."

"ರೋಡ್ ಚೆನ್ನಾಗಿದೆ. ಡಾಕ್ಟರ್ ಕೂಡ ಸ್ವಲ್ಪ ಗಾಳಿಗೆ ಹೋಗಿ ಬಾ ಅಂದವ್ರೆ."

ಹೀಗೆ ಎರಡು ಕಾರಿನಲ್ಲಿ ಹೊರಟೆವು. ಒಂದು ಲೋಕೇಶನದು. ಇನ್ನೊಂದು ಲಿಸಿಯದು. ಲಿಸಿ ಕೇರಳದ ಹುಡುಗಿ. ಮಂಜುಳಾ ಜೊತೆ ಹಾಸನದಲ್ಲೇ ಓದಿ, ಅವಳ ಜೊತೆಯಲ್ಲೇ ಆ ಆಸ್ಪತ್ರೆಗೆ ಸೇರಿದವಳು. ಕನ್ನಡ ಚೆನ್ನಾಗಿ ಬರುತ್ತದೆ, ನನ್ನನ್ನು ಅಮ್ಮ ಎಂದೇ ಕರೆಯುವುದು. ಅವಳ ಗಂಡ, ಐದು ವರ್ಷದ ಮಗಳು ಅವಳ ಕಾರಿನಲ್ಲಿದ್ದರು.

"ಅತ್ತೆ, ನೀವು ಲಿಸಿ ಕಾರಲ್ಲಿ ಕೂತ್ಕಳಿ" ಎಂದ ಲೋಕೇಶ. "ಮಂಜು ಇಂದಿನ್ ಸೀಟಲ್ಲಿ ಕಾಲ್ ನೀಡ್ಕಂಡು ಮಲೀಕಳ್ಲಿ."

ಅದೇ ಸರಿ ಎಂದು ನಾನು ಲಿಸಿಯ ಕಾರು ಹತ್ತಿದೆ. ನನ್ನ ಫೋನಿಗೆ ಅಲ್ಲಿಯ ಸಿಮ್ ಹಾಕಿಸಿರಲಿಲ್ಲ. ಮನೆಯ ವೈಫೈ ಇದ್ದರೆ ಮಾತ್ರ ಕೆಲಸ ಮಾಡುತ್ತಿತ್ತು. ಹೊರಗೆ ತಂದು ಏನು ಪ್ರಯೋಜನ ಎಂದು ಅದನ್ನು ಮೇಜಿನ ಮೇಲೇ ಬಿಟ್ಟಿದ್ದೆ.

ಬೆಟ್ಟದ ರಸ್ತೆ. ಸುತ್ತಿ ಸುತ್ತಿ ಒಂದು ಗಂಟೆ ಹೋಗಿರಬಹುದು. ಒಂದು ತಿರುವಿನಲ್ಲಿ ರಸ್ತೆ ಪಕ್ಕಕ್ಕೆ ಸ್ವಲ್ಪ ಅಗಲವಾದ ಜಾಗ. ಅಂಚಿಗೆ ಕಬ್ಬಿಣದ ಕಂಬಿ, ಎರಡು ಸಿಮೆಂಟು ಬೆಂಚು. ಅಷ್ಟೇ. ಆದರೆ ಕಂಬಿ ಹತ್ತಿರ ಹೋಗಿ ನಿಂತರೆ, ಅಯ್ಯೋ, ಎದುರಿಗೆ ನೀರು ಬಿಟ್ಟರೆ ಬೇರೇನೂ ಇಲ್ಲ! ಕೆರೆಗೆ ಆಚೆ ದಡ ಇರುತ್ತದೆ, ಹೊಳೆಗೂ ಇರುತ್ತದೆ. ಇದಕ್ಕೆ ಇಲ್ಲ. ನಾನು ಕಂಬಿ ಹಿಡಿದು ನಿಂತುಬಿಟ್ಟೆ.

ಎರಡು ವ್ಯಾನಿನಲ್ಲಿ ಬಿಳಿಯ ಪ್ರವಾಸಿಗಳು ಬಂದಿದ್ದರು. ಎಲ್ಲರೂ ಮೊಬೈಲು ಎತ್ತಿ ಹಿಡಿದಿದ್ದರು. ಸೂರ್ಯ ಕೆಂಪಗಾಗಿ ನಿಧಾನಕ್ಕೆ ನೀರಿನ ಅಂಚಿಗೆ ಇಳಿದ. ಕಾದ ಎಣ್ಣೆಗೆ ವಡೆ ಬಿಟ್ಟ ಹಾಗೆ ಜೊಯ್ ಎಂದು ಸದ್ದಾಗಬೇಕು ಅನಿಸಿತು. ಏನೂ ಆಗಲಿಲ್ಲ. ಸುಮ್ಮನೆ ಕಣ್ಣೆದುರಿಗೇ ಕರಗಿಹೋದ. ಬಿಳಿಯರೆಲ್ಲ ಚಪ್ಪಾಳೆ ತಟ್ಟಿದರು. ದಿನಾ ನಡೆಯುವ ಕೆಲಸಕ್ಕೆ ಯಾಕೆ ಚಪ್ಪಾಳೆ ಎಂದು ನನಗೆ ನಗು ಬಂತು. ಆದರೂ ನಾನೂ ತಟ್ಟಿದೆ.

ಆಮೇಲೆ ನಾನು ಒಂದು ತಪ್ಪು ಮಾಡಿದೆ. ಬೆಂಚಿನ ಪಕ್ಕದಲ್ಲಿ ಕೆಳಗೆ ಸಮುದ್ರದವರೆಗೆ ಕಲ್ಲಿನ ಮೆಟ್ಟಿಲು ಇಳಿದಿದ್ದವು. ಹೊಳೆ ದಾಟುವಾಗಲೂ ನಾವು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಜನ. ಇಷ್ಟು ದೂರ ಬಂದು ಸಮುದ್ರ ಮುಟ್ಟದೆ ಹೋಗುವುದೇ? ಹೇಳಿದರೆ ಮಂಜುಳಾ ಬೇಡ ಎನ್ನುತ್ತಾಳೆ, ನನ್ನ ಮಂಡಿನೋವು ಅವಳಿಗೆ ಗೊತ್ತು. ಪಕ್ಕದಲ್ಲಿ ಆಡುತ್ತಿದ್ದ ಲಿಸಿಯ ಮಗಳಿಗೆ, "ಪುಟ್ಟಿ, ಅಜ್ಜಿ ಕೆಳೀಕ್ ಓಗಿ ಈಗ್ ಬತ್ತೀನಿ ಅಂತ ಅಮ್ಮಂಗೆ ಯೋಳು" ಎಂದೆ. ಆ ಮಗು ಚೆನ್ನಾಗಿ ತಲೆ ಆಡಿಸಿತು. ಅದಕ್ಕೆ ಕನ್ನಡದ ಒಂದಕ್ಷರವೂ ಬರುವುದಿಲ್ಲ ಎಂಬುದು ನನಗೆ ಆಗ ಹೊಳೆಯಲೇ ಇಲ್ಲ.

ಇಳಿಯುವುದು ಸುಲಭವಾಯಿತು. ನೀರು ಬೆಚ್ಚಗಿತ್ತು. ಬೊಗಸೆಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡೆ, ಉಪ್ಪು ಕಣ್ಣಿಗೆ ಚುರುಗುಟ್ಟಿತು. ಹುಟ್ಟುವ ಮಗು ಚೆನ್ನಾಗಿರಲಿ ಎಂದು ಬೇಡಿಕೊಂಡೆ. ಮೇಲೆ ಕಾರಿನ ಬಾಗಿಲು ಹಾಕುವ ಸದ್ದು ಕೇಳಿತು. ಪ್ರವಾಸಿಗಳ ವ್ಯಾನು ಹೊರಟಿರಬೇಕು ಎಂದುಕೊಂಡೆ. ಹತ್ತುವಾಗ ಮಂಡಿ ಕೈಕೊಟ್ಟಿತು. ನಾಲ್ಕು ಮೆಟ್ಟಿಲಿಗೊಮ್ಮೆ ಕೂತು, ಎದ್ದು, ಏದುಸಿರು ಬಿಡುತ್ತಾ ಮೇಲೆ ಬರುವ ಹೊತ್ತಿಗೆ ಬೆಳಕು ಹೋಗಿಬಿಟ್ಟಿತ್ತು. ನಮ್ಮ ಕಡೆ ಹೊತ್ತು ಮುಳುಗಿದ ಮೇಲೂ ಸ್ವಲ್ಪ ಹೊತ್ತು ಬೆಳಕಿರುತ್ತದೆ. ಅಲ್ಲಿ ಯಾರೋ ಸ್ವಿಚ್ ಒತ್ತಿದ ಹಾಗೆ ಕತ್ತಲಾಗುತ್ತದೆ.

ಮೇಲೆ ಬಂದು ನೋಡಿದರೆ ವ್ಯಾನುಗಳಿಲ್ಲ. ಲೋಕೇಶನ ಕಾರಿಲ್ಲ. ಲಿಸಿಯ ಕಾರೂ ಇಲ್ಲ.

ಮೊದಲು ನನಗೆ ಭಯವಾಗಲಿಲ್ಲ. ಕಾರು ತಿರುಗಿಸಲು ಮುಂದೆ ಹೋಗಿರಬೇಕು, ಬರುತ್ತಾರೆ ಎಂದು ಬೆಂಚಿನ ಮೇಲೆ ಕೂತೆ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಆಗ ಭಯ ಶುರುವಾಯಿತು. ಏನಾಗಿತ್ತು ಎಂಬುದು ಆಮೇಲೆ ಗೊತ್ತಾಯಿತು. ಸೂರ್ಯ ಮುಳುಗುತ್ತಿದ್ದಂತೆ ಮಂಜುಳಾಗೆ ಸೊಂಟ ನೋವು ಕಾಣಿಸಿಕೊಂಡಿತ್ತು. ಲೋಕೇಶ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಬೇಗ ಹೊರಟುಬಿಟ್ಟ. ಅತ್ತೆ ಬಂದದ್ದು ಲಿಸಿಯ ಕಾರಿನಲ್ಲಿ, ಹೋಗುವುದೂ ಅದರಲ್ಲೇ ಎಂಬುದು ಅವನ ಲೆಕ್ಕ. ಮಗಳಿಗೆ ಹುಷಾರಿಲ್ಲ ಎಂದ ಮೇಲೆ ಅಮ್ಮ ಅವಳ ಜೊತೆ ಹೋಗದೆ ಇರುತ್ತಾರೆಯೇ ಎಂಬುದು ಲಿಸಿಯ ಲೆಕ್ಕ. ಇಬ್ಬರ ಲೆಕ್ಕವೂ ಸರಿಯೇ. ಎರಡು ಕಾರಿನಲ್ಲೂ ನಾನಿರಲಿಲ್ಲ, ಅಷ್ಟೇ.

ಆದರೆ ಆಗ ನನಗೆ ಇದೊಂದೂ ಗೊತ್ತಿಲ್ಲ. ಮಗಳಿಗೆ ಏನೋ ಆಗಿದೆ, ಆಸ್ಪತ್ರೆಗೆ ಕರೆದುಕೊಂಡು ಓಡಿದ್ದಾರೆ ಎನ್ನುವುದೊಂದೇ ಮನಸ್ಸಿಗೆ ಬಂತು. ಅದು ಬಂದದ್ದೇ ತಡ, ನನಗೆ ಬುದ್ಧಿ ಕೆಲಸ ಮಾಡಲಿಲ್ಲ. ಎದ್ದು ರಸ್ತೆಯಲ್ಲಿ ನಡೆಯಲು ಶುರು ಮಾಡಿದೆ. ಯಾವ ಕಡೆಯಿಂದ ಬಂದೆವು ಎಂಬುದೂ ಸರಿಯಾಗಿ ನೆನಪಿಲ್ಲ. ದೀಪವಿಲ್ಲದ ರಸ್ತೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಂಬಿ, ಅದರಾಚೆ ಸಮುದ್ರ. ಪಕ್ಕಕ್ಕೆ ಸರಿಯಲು ಜಾಗವೇ ಇಲ್ಲ. ನನ್ನ ಸೀರೆ ಬೇರೆ ಕಡುನೀಲಿ.

ತಿರುವಿನ ಹತ್ತಿರ ಹೋಗುತ್ತಿದ್ದಾಗ ಹಿಂದಿನಿಂದ ಯಾರೋ ಜೋರಾಗಿ ಕೂಗಿದ ಹಾಗಾಯಿತು. ತಿರುಗಿ ನೋಡಿದರೆ ಎತ್ತರದ ಒಬ್ಬ ಹೆಂಗಸು ನನ್ನ ಕಡೆಗೇ ಓಡಿ ಬರುತ್ತಿದ್ದಾಳೆ. ತಲೆಗೆ ಬಟ್ಟೆ ಕಟ್ಟಿದ್ದಳು. ಏನು ಕೂಗುತ್ತಿದ್ದಾಳೆಂದು ತಿಳಿಯಲಿಲ್ಲ. ನಾನು ಇನ್ನೂ ಬೇಗ ಬೇಗ ಹೆಜ್ಜೆ ಹಾಕಿದೆ. ಅವಳು ಬಂದವಳೇ ನನ್ನ ಮುಂಗೈ ಹಿಡಿದು ಎಳೆದಳು. ನನ್ನ ಕೈಯಲ್ಲಿ ಎರಡು ಚಿನ್ನದ ಬಳೆ ಇದ್ದವು.

"ಬುಡು! ಬುಡವ್ವಾ, ನಿನ್ ದಮ್ಮಯ್ಯ!" ಎಂದು ಕಿರುಚಿದೆ. ಇನ್ನೊಂದು ಕೈಯಿಂದ ಅವಳ ಭುಜಕ್ಕೆ ಹೊಡೆದೆ ಕೂಡ. ಅವಳು ಬಿಡಲಿಲ್ಲ. ನನ್ನನ್ನು ಬಂಡೆಗೆ ಒತ್ತಿ, ತಾನು ನನ್ನ ಮುಂದೆ ನಿಂತಳು.

ಅದೇ ಕ್ಷಣಕ್ಕೆ ತಿರುವಿನಿಂದ ಒಂದು ಲಾರಿ ಬಂತು. ಇಳಿಜಾರಿನ ಭರದಲ್ಲಿ, ಬಂಡೆಯನ್ನು ಉಜ್ಜಿಕೊಂಡೇ ಹೋಯಿತೇನೋ ಅನ್ನುವಷ್ಟು ಹತ್ತಿರದಲ್ಲಿ. ಅದರ ಗಾಳಿಗೆ ನನ್ನ ಸೆರಗು ಹಾರಿ ಅವಳ ಮುಖದ ಮೇಲೆ ಬಿತ್ತು. ನಾನು ಎರಡು ಹೆಜ್ಜೆ ಮುಂದೆ ಹೋಗಿದ್ದರೆ ಇವತ್ತು ಇದನ್ನು ಬರೆಯಲು ಇರುತ್ತಿರಲಿಲ್ಲ.

ಲಾರಿಯ ಸದ್ದು ದೂರವಾದ ಮೇಲೆ ಅವಳು ನನ್ನ ಸೆರಗನ್ನು ಮುಖದಿಂದ ತೆಗೆದು, ನನ್ನ ಭುಜದ ಮೇಲೆ ಸರಿಯಾಗಿ ಹಾಕಿದಳು. ಅವಳನ್ನೇ ಹಿಡಿದುಕೊಂಡು ಅತ್ತುಬಿಟ್ಟೆ. ನಿಮಿಷದ ಹಿಂದೆ ಅವಳನ್ನು ಕಳ್ಳಿ ಅಂದುಕೊಂಡಿದ್ದೆ. ಅವಳ ಮೈಕಟ್ಟು, ಬಣ್ಣ, ಗಟ್ಟಿ ದನಿ ನೋಡಿಯೇ ಹಾಗೆ ತೀರ್ಮಾನ ಮಾಡಿದ್ದೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ನಾವು ಸೂರ್ಯನನ್ನು ನೋಡಿದ ಜಾಗದ ಎದುರಿಗೇ, ರಸ್ತೆಯ ಆಚೆ ಬದಿ ತಗಡಿನ ಒಂದು ಸಣ್ಣ ಗೂಡಂಗಡಿ ಅವಳದು. ಸಮುದ್ರದ ಗುಂಗಿನಲ್ಲಿ ನಾನು ಅದನ್ನು ಗಮನಿಸಿರಲೇ ಇಲ್ಲ. ಎಳನೀರು, ಸುಟ್ಟ ಜೋಳದ ತೆನೆ ಮಾರುತ್ತಿದ್ದಳು. ಸಾಮಾನೆಲ್ಲ ಮೂಟೆ ಕಟ್ಟಿ ಮುಗಿಸಿದ್ದಳು. ನನ್ನನ್ನು ಕೈಹಿಡಿದು ನಡೆಸಿಕೊಂಡು ಹೋಗಿ ಮಣೆಯಂಥದೊಂದರ ಮೇಲೆ ಕೂರಿಸಿ, ಕಟ್ಟಿದ ಮೂಟೆ ಮತ್ತೆ ಬಿಚ್ಚಿ ಒಂದು ಎಳನೀರು ಕೊಚ್ಚಿ ಕೈಗೆ ಕೊಟ್ಟಳು.

"ಆಗ್ನೆಸ್" ಎಂದು ತನ್ನ ಎದೆ ಮುಟ್ಟಿ ತೋರಿಸಿದಳು.

"ಸುಶೀಲ" ಎಂದೆ ನಾನು.

ಅಷ್ಟು ಹೊತ್ತಿಗೆ ಒಂದು ಮಿನಿಬಸ್ಸು ಬಂದು ನಿಂತಿತು. ಡ್ರೈವರು ಹೆಸರು ಹಿಡಿದು ಅವಳನ್ನು ಕರೆದ. ಅವಳು ನನ್ನ ಕಡೆ ತೋರಿಸಿ ಏನೋ ಹೇಳಿ, ಹೋಗು ಎಂದು ಕೈ ಬೀಸಿದಳು. ಅವನು ಏನೋ ಕೇಳಿದ, ಇವಳು ಮತ್ತೆ ಕೈ ಬೀಸಿದಳು. ಬಸ್ಸು ಹೋಯಿತು. ಯಾರೋ ಪರಿಚಯದವನು ಮಾತನಾಡಿಸಿ ಹೋದ ಎಂದುಕೊಂಡು ನಾನು ಅದರ ಕಡೆ ಗಮನವನ್ನೇ ಕೊಡಲಿಲ್ಲ.

"ಫೋನ್? ಫೋನ್?" ಎಂದು ಆಗ್ನೆಸ್ ತನ್ನ ಮೊಬೈಲು ಮುಂದೆ ಹಿಡಿದಳು. ನನ್ನ ತಲೆಯಲ್ಲಿ ಮಗಳ ನಂಬರಿಲ್ಲ, ಅಳಿಯನದಿಲ್ಲ, ಮನೆಯ ವಿಳಾಸವೂ ಇಲ್ಲ. ಫೋಟೋ ಒತ್ತಿದರೆ ಫೋನು ಹೋಗುತ್ತದೆ, ನಂಬರು ಯಾರು ನೆನಪಿಟ್ಟುಕೊಳ್ಳುತ್ತಾರೆ? ನನಗೆ ಬಾಯಿಪಾಠವಾಗಿರುವುದು ಜಗತ್ತಿನಲ್ಲಿ ಒಂದೇ ನಂಬರು. ಅದು ನಮ್ಮ ಯಜಮಾನರದು. ಗಿರಾಕಿಗಳ ರವಿಕೆ ಚೀಟಿಯ ಮೇಲೆ ಬರೆದು ಬರೆದು ಕೂತುಬಿಟ್ಟಿದ್ದ ನಂಬರು.

ಒಲೆಯಲ್ಲಿದ್ದ ಆರಿದ ಇದ್ದಿಲ ಚೂರು ತೆಗೆದುಕೊಂಡು ಅವಳ ರಟ್ಟಿನ ಡಬ್ಬದ ಮೇಲೆ ಹತ್ತು ಅಂಕಿ ಬರೆದೆ. ಅವಳು ಒತ್ತಿದಳು. ಹೋಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಹೋಗಲಿಲ್ಲ. ಕೊನೆಗೆ ನನ್ನ ಸೀರೆ, ಹಣೆಯ ಕುಂಕುಮ ನೋಡಿ, "ಇಂಡಿಯಾ?" ಎಂದಳು. "ಇಂಡಿಯಾ, ಇಂಡಿಯಾ" ಎಂದೆ. ಯಾರಿಗೋ ಫೋನು ಮಾಡಿ ಏನೋ ಕೇಳಿಕೊಂಡಳು. ಆಮೇಲೆ ನಂಬರಿನ ಮೊದಲಿಗೆ ಇನ್ನೆರಡು ಅಂಕಿ ಸೇರಿಸಿ, ವಾಟ್ಸಾಪ್ ತೆರೆದಳು. ಅದರಲ್ಲಿ ನಮ್ಮ ಯಜಮಾನರ ಫೋಟೋ ಬಂತು. ಹಸುವಿನ ಪಕ್ಕ ನಿಂತು ತೆಗೆಸಿಕೊಂಡದ್ದು. ನಾನು ಆ ಫೋಟೋ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

ವಿಡಿಯೋ ಕಾಲ್ ಹೋಯಿತು. ನಮ್ಮೂರಿನಲ್ಲಿ ಆಗ ಬೆಳಗಿನ ಜಾವ. ಬಹಳ ಹೊತ್ತು ರಿಂಗಾಗಿ, ಕೊನೆಗೆ ಎತ್ತಿದರು. ಕಂಡದ್ದು ಕತ್ತಲೆ, ಆಮೇಲೆ ಅರ್ಧ ಮೀಸೆ.

"ಅಲೋ! ಯಾರು? ಯಾರವ್ವ ನೀನು? ರಾಂಗ್ ನಂಬರ್ ಕಣವ್ವ, ಮಡುಗು ಮಡುಗು!"

ಅವರಿಗೆ ಕಂಡದ್ದು ಆಗ್ನೆಸ್ ಮುಖ. ನಾನು ಅವಳ ಪಕ್ಕದಿಂದ ತಲೆ ತೂರಿಸಿ ಕೂಗಿದೆ. "ಮಡುಗ್‌ಬ್ಯಾಡ್ರೀ! ನಾನು ಕಣ್ರೀ!"

"ಸುಶೀಲಾ? ಏನೇ ಇದು? ಆ ಯಮ್ಮ ಯಾರೆ?"

"ನನ್ನ ಸಮುದ್ರದ್ ತಾವ ಬುಟ್ಟು ಎಲ್ಲಾರೂ ಒಂಟೋಗವ್ರೆ!"

"ಬುಟ್ಟೋಗವ್ರಾ? ಯಾಕೆ, ಏನ್ ಜಗಳ ಆಡ್ದೆ?"

ಅಷ್ಟು ಸಂಕಟದಲ್ಲೂ ನನಗೆ ಸಿಟ್ಟು ಬಂತು. "ಜಗಳನೂ ಇಲ್ಲ, ಏನೂ ಇಲ್ಲ. ಮಂಜುಂಗೆ ಏನೋ ಆಗದೆ ಅನ್ಸುತ್ತೆ. ಲೋಕೇಶಂಗೆ ಫೋನ್ ಮಾಡಿ. ಲೋಕೇಶಂಗ್ ಮಾತ್ರ ಯೋಳಿ. ಮಂಜುಗೆ ಯೋಳ್ಬ್ಯಾಡಿ, ಗಾಬ್ರಿ ಬೀಳ್ತಾಳೆ."

"ಆಯ್ತು, ಆಯ್ತು. ಅಲ್ಲೇ ಕುಂತಿರು. ಆ ತಾಯಿ ಕೈ ಬುಡ್ಬ್ಯಾಡ" ಎಂದು ಫೋನಿಟ್ಟರು.

ಮಗಳಿದ್ದದ್ದು ಅಲ್ಲಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿ. ಆ ಸುದ್ದಿ ಅವಳ ಗಂಡನಿಗೆ ಮುಟ್ಟಲು ಹೊಳೆನರಸೀಪುರಕ್ಕೆ ಹೋಗಿ ಬರಬೇಕಾಯಿತು.

ಆ ಮುಂದಿನ ಹತ್ತು ನಿಮಿಷ ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಹಿಂದಿನ ಸಲ ಮಂಜುಳಾ ಫೋನು ಮಾಡಿ, "ಅಮ್ಮ, ಹೋಯ್ತು" ಎಂದಿದ್ದ ದನಿಯೇ ಕಿವಿಯಲ್ಲಿ ಕೇಳುತ್ತಿತ್ತು. ಹೊಟ್ಟೆ ದಪ್ಪಗಿರುವ ಹಾಗೆ ಕೈಮಾಡಿ, "ನನ್ ಮಗಳು, ಬಸುರಿ" ಎಂದು ಆಗ್ನೆಸ್‌ಗೆ ಹೇಳಿದೆ. ಅವಳಿಗೆ ತಕ್ಷಣ ಅರ್ಥವಾಯಿತು. ನನ್ನ ಎರಡೂ ಕೈ ತನ್ನ ಕೈಯೊಳಗೆ ತೆಗೆದುಕೊಂಡು ಕಣ್ಣು ಮುಚ್ಚಿ ಏನೋ ಪ್ರಾರ್ಥನೆ ಮಾಡಿದಳು. ನಾನು ಶಿವ ಶಿವ ಎನ್ನುತ್ತಿದ್ದೆ. ಅವಳು ಯೇಸುವಿನ ಹೆಸರು ಹೇಳುತ್ತಿದ್ದಳು. ಸಮುದ್ರದ ಸದ್ದು ಬಿಟ್ಟರೆ ಅಲ್ಲಿ ಬೇರೆ ಸದ್ದಿರಲಿಲ್ಲ.

ಫೋನು ಬಂತು. ಯಜಮಾನರದೇ.

"ಏನೂ ಆಗಿಲ್ಲ ಕಣೆ! ಮಂಜು ಚೆನ್ನಾಗವ್ಳೆ. ಸೊಂಟ ನೋವು ಅಂತ ಬೇಗ ಕರ್ಕಂಡ್ ಒಂಟಿದ್ನಂತೆ. ಕಾರಲ್ಲೇ ನಿದ್ದೆ ಒಡೀತಾವ್ಳಂತೆ. ಲೋಕೇಶ ಕಾರ್ ತಿರುಗ್ಸವ್ನೆ, ಬತ್ತಾವ್ನೆ."

ತಲೆಯ ಮೇಲಿದ್ದ ನೀರಿನ ಕೊಡವನ್ನು ಯಾರೋ ಇಳಿಸಿಕೊಂಡ ಹಾಗಾಯಿತು. ನನ್ನ ಮುಖ ನೋಡಿಯೇ ಆಗ್ನೆಸ್‌ಗೆ ಗೊತ್ತಾಗಿ, ಎರಡೂ ಕೈ ಮೇಲೆತ್ತಿ ಜೋರಾಗಿ ನಕ್ಕಳು. ಆ ನಗುವಿಗೆ ನಾನೂ ನಕ್ಕೆ.

ಆಮೇಲೆ ಮುಕ್ಕಾಲು ಗಂಟೆ ನಾವಿಬ್ಬರೂ ಅಲ್ಲಿ ಕೂತಿದ್ದೆವು. ಅವಳು ಒಲೆಯ ಇದ್ದಿಲು ಕೆದಕಿ ಎರಡು ಜೋಳದ ತೆನೆ ಸುಟ್ಟಳು. ಅವಳು ಅವಳ ಭಾಷೆಯಲ್ಲಿ ಮಾತನಾಡಿದಳು, ನಾನು ನನ್ನ ಭಾಷೆಯಲ್ಲಿ. ಅವಳಿಗೆ ಮೂವರು ಮಕ್ಕಳೆಂದು ಬೆರಳಿನಲ್ಲಿ ತೋರಿಸಿದಳು. ನಾನು ಹೊಲಿಗೆ ಮಿಷನ್ನು ತುಳಿಯುವ ಹಾಗೆ ಕಾಲಾಡಿಸಿ ನನ್ನ ಕೆಲಸ ಏನೆಂದು ತೋರಿಸಿದೆ. ನಡುನಡುವೆ ನಮ್ಮ ಯಜಮಾನರು ಫೋನು ಮಾಡಿ, "ಬಂದ್ರಾ? ಇನ್ನೂ ಬರ್ಲಿಲ್ವಾ?" ಎಂದು ಕೇಳುತ್ತಲೇ ಇದ್ದರು. ಒಂದು ಸಲ ನನ್ನನ್ನು ಬಿಟ್ಟು ಅವಳ ಜೊತೆಯೇ ಮಾತಿಗಿಳಿದರು. "ಮೇಡಂ, ಥ್ಯಾಂಕ್ಯೂ ಮೇಡಂ. ಮೈ ವೈಫ್. ನೀ ಪ್ರಾಬ್ಲಂ, ಸ್ಟೆಪ್ಸ್ ನೋ" ಎಂದು ನನ್ನ ಮಂಡಿನೋವನ್ನು ವಿವರಿಸಲು ತಮಗೆ ಬಂದ ಇಂಗ್ಲಿಷನ್ನೆಲ್ಲ ಖರ್ಚು ಮಾಡಿದರು. ಕೊನೆಗೆ ಹಾಲು ಕರೆಯುವ ಹೊತ್ತಾಯಿತೆಂದು ಫೋನನ್ನು ಕೊಟ್ಟಿಗೆಗೇ ತೆಗೆದುಕೊಂಡು ಹೋಗಿ ಅವಳಿಗೆ ಹಸುವನ್ನೂ ತೋರಿಸಿದರು. ಅವಳು ಹಸುವಿಗೂ ಕೈ ಬೀಸಿದಳು.

ಕಾರಿನ ಬೆಳಕು ತಿರುವಿನಲ್ಲಿ ಕಂಡಾಗ ಎಂಟು ಗಂಟೆ ಆಗುತ್ತಾ ಬಂದಿತ್ತು. ಲೋಕೇಶ ಇಳಿದವನೇ ಓಡಿ ಬಂದು ನನ್ನ ಕಾಲಿಗೆ ಬಿದ್ದ.

"ಅತ್ತೆ, ತೆಪ್ಪಾಗೋಯ್ತು. ಒಂದ್ ಮಾತ್ ಕೇಳ್ನಿಲ್ಲ ನಾನು. ಮಾವನ್ ಫೋನ್ ಬಂದಾಗ ಊರಲ್ಲಿ ಏನೋ ಆಗೋಗದೆ ಅಂದ್ಕಂಡೆ."

"ಏಳಪ್ಪ. ತೆಪ್ಪು ನಂದು. ಮಂಜು ಎಲ್ಲಿ?"

ಮಂಜುಳಾ ಕಾರಿನ ಹಿಂದಿನ ಸೀಟಿನಲ್ಲಿ ಆಗ ತಾನೇ ಎಚ್ಚರವಾಗಿ ಕಣ್ಣುಜ್ಜಿಕೊಳ್ಳುತ್ತಿದ್ದಳು. ಅವನು ಅವಳಿಗೆ ವಿಷಯ ಹೇಳಿಯೇ ಇರಲಿಲ್ಲ. ದಾರಿಯಲ್ಲಿ ಒಮ್ಮೆ ಎದ್ದು ಯಾಕೆ ವಾಪಸ್ ಹೋಗ್ತಿದೀವಿ ಎಂದು ಕೇಳಿದ್ದಕ್ಕೆ, "ಒಂದು ಮುಖ್ಯವಾದ್ ವಸ್ತು ಮರ್ತು ಬಂದಿದೀನಿ" ಎಂದಿದ್ದನಂತೆ. ಅವಳು ಇಳಿದು ಬಂದು, ಗೂಡಂಗಡಿಯಲ್ಲಿ ಜೋಳದ ತೆನೆ ಹಿಡಿದು ಕೂತಿದ್ದ ನನ್ನನ್ನು ನೋಡಿದಳು.

"ಅಮ್ಮ? ನೀನ್ ಲಿಸಿ ಜೊತೆ ಹೋಗ್ಲಿಲ್ವಾ?"

"ಇಲ್ಲ ಕಣವ್ವ. ಜ್ವಾಳ ತಿನ್ನಾನ ಅಂತ ಉಳ್ಕಂಡೆ."

ಅವಳಿಗೆ ಅರ್ಥವಾಗಲು ಎರಡು ನಿಮಿಷ ಹಿಡಿಯಿತು. ಆಮೇಲೆ ಅಳು, ಬೈಗುಳ, ನಗು ಎಲ್ಲ ಒಟ್ಟಿಗೇ. "ನಿನಗೇನಾದ್ರೂ ಆಗಿದ್ರೆ ನಾನೇನಮ್ಮ ಮಾಡ್ಬೇಕಿತ್ತು?" ಎಂದು ನನ್ನ ಹೆಗಲಿಗೆ ತಲೆಯಿಟ್ಟಳು. ನಾನು ಅವಳ ಹೊಟ್ಟೆಯ ಮೇಲೆ ಕೈಯಿಟ್ಟೆ. ಒಳಗಿನಿಂದ ಮಗು ಒಂದು ಸಲ ಒದ್ದಿತು. ಲಾರಿಯ ವಿಷಯವನ್ನು ಮಾತ್ರ ಆವತ್ತು ನಾನು ಹೇಳಲಿಲ್ಲ. ಹೆರಿಗೆಯಾಗಿ ತಿಂಗಳು ಕಳೆದ ಮೇಲೆ ಹೇಳಿದೆ.

ಆಗ್ನೆಸ್‌ಳನ್ನು ಅವಳ ಮನೆಗೆ ಬಿಟ್ಟು ಹೋಗೋಣ ಎಂದು ಕಾರಿನಲ್ಲಿ ಕೂರಿಸಿಕೊಂಡೆವು. ಲೋಕೇಶ ಅವಳ ಜೊತೆ ಇಂಗ್ಲಿಷಿನಲ್ಲಿ ಮಾತನಾಡುತ್ತಾ ಇದ್ದವನು ಇದ್ದಕ್ಕಿದ್ದಂತೆ ಕನ್ನಡಿಯಲ್ಲಿ ನನ್ನ ಕಡೆ ನೋಡಿ ಹೇಳಿದ.

"ಅತ್ತೆ, ಅದ್ಯಾವ್ದೋ ಮಿನಿಬಸ್ ಬಂದಿತ್ತಂತಲ್ಲ, ಇವ್ರ ಊರ್ ಕಡೆಗೆ ಅದೇ ಕಡೇ ಬಸ್ಸಂತೆ. ಅದ ಬುಟ್ರೆ ಬೆಟ್ಟ ಅತ್ಕಂಡು ಒಂದೂವರೆ ಗಂಟೆ ನಡೀಬೇಕಂತೆ."

ನಾನು ಅವಳ ಮುಖ ನೋಡಿದೆ. ಅವಳು ಕಿಟಕಿಯಿಂದ ಹೊರಗೆ ನೋಡುತ್ತಾ, ಮಂಜುಳಾ ಕೊಟ್ಟ ಬಿಸ್ಕತ್ತು ತಿನ್ನುತ್ತಿದ್ದಳು.

ಐದು ವಾರಕ್ಕೆ ಮಂಜುಳಾಗೆ ಹೆಣ್ಣು ಮಗು ಹುಟ್ಟಿತು. ಎರಡು ವಾರ ಮುಂಚೆಯೇ ಹುಟ್ಟಿದರೂ ತೂಕಕ್ಕೆ ಕೊರತೆಯಿರಲಿಲ್ಲ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ವಿಷಯ ಕೇಳಿ ಆಗ್ನೆಸ್ ಎರಡು ಬಸ್ಸು ಬದಲಾಯಿಸಿ ನೋಡಲು ಬಂದಳು. ಕಾಗದದ ಪೊಟ್ಟಣದಲ್ಲಿ ತನ್ನ ಹಿತ್ತಲಿನ ಜಾಯಿಕಾಯಿ ತಂದಿದ್ದಳು. ಮಗುವಿನ ಹೊಟ್ಟೆಗೆ ಒಳ್ಳೆಯದು ಎಂದು ಕೈಸನ್ನೆಯಲ್ಲಿ ಹೇಳಿದಾಗ ನನಗೆ ಆಶ್ಚರ್ಯವಾಯಿತು. ನಮ್ಮಲ್ಲೂ ಮಗುವಿಗೆ ಜಾಯಿಕಾಯಿ ತೇಯ್ದು ನೆಕ್ಕಿಸುವುದು ಇದ್ದದ್ದೇ. ನಾನು ಅವಳಿಗೆ ಒಂದು ಹಳದಿ ಗೌನು ಹೊಲಿದಿಟ್ಟಿದ್ದೆ. ಅಳತೆ ತೆಗೆದಿರಲಿಲ್ಲ. ಆ ದಿನ ಬಂಡೆಯ ಹತ್ತಿರ ನನಗೆ ಅಡ್ಡ ನಿಂತವಳ ಭುಜದ ಅಳತೆಯನ್ನು ನಾನು ಬೇರೆ ತೆಗೆಯಬೇಕಾಗಿರಲಿಲ್ಲ.

ನಾನು ಊರಿಗೆ ವಾಪಸ್ಸಾಗಿ ಈಗ ಬಹಳ ತಿಂಗಳಾಯಿತು. ಈಗಲೂ ಸಂಜೆ ಮಿಷನ್ನಿನ ಮುಂದೆ ಕೂತಾಗ ಕಣ್ಣಿಗೆ ಬರುವುದು ಮುಳುಗಿದ ಸೂರ್ಯನಲ್ಲ, ಎದುರಿಗೆ ಬಂದ ಲಾರಿಯೂ ಅಲ್ಲ. ಒಳಗೆ ದೀಪ ಹಾಕಿಕೊಂಡು ಬಂದು ನಿಂತ ಆ ಮಿನಿಬಸ್ಸು, ಹೋಗು ಎಂದು ಬೀಸಿದ ಆ ಕೈ. ದಿನವೆಲ್ಲ ನಿಂತು ವ್ಯಾಪಾರ ಮಾಡಿ ದಣಿದವಳು. ಮನೆಯಲ್ಲಿ ಮೂವರು ಮಕ್ಕಳು. ತನ್ನನ್ನು ಹೊಡೆದ, ಭಾಷೆ ಗೊತ್ತಿಲ್ಲದ ಒಬ್ಬಳು ಹೆಂಗಸಿಗಾಗಿ ಕೊನೆಯ ಬಸ್ಸನ್ನು ಬಿಟ್ಟಳು. ಬಿಟ್ಟೆ ಎಂದು ತಾನಾಗಿ ಹೇಳಿಕೊಳ್ಳಲೂ ಇಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ಸುಳ್ಳು ಯಾಕೆ ಬರೆಯಲಿ, ನಾನು ಆ ಬಸ್ಸು ಹತ್ತಿಬಿಡುತ್ತಿದ್ದೆ. ಈಗ ಹತ್ತಲಾರೆ.